ಷಡ್ಡಕನ ಹೀರೆಬಳ್ಳಿ

ನನ್ನ ಷಡ್ಡಕ ಒಬ್ಬ ಕೆಟ್ಟ ಮನುಷ್ಯನಾಗಿದ್ದರೆ ನನ್ನ ಜೀವನ ಎಷ್ಟು ಸುಖವಾಗಿರುತ್ತಿತ್ತು! ಕುಡಿತವಿಲ್ಲ, ಜೂಜಿಲ್ಲ, ಸುಳ್ಳಿಲ್ಲ. ಇರುವ ಒಂದೇ ಹುಚ್ಚೆಂದರೆ ಬಳ್ಳಿ ಹಬ್ಬಿಸುವುದು. ಅಷ್ಟರಿಂದಲೇ ಅವನು ಹದಿನೈದು ವರ್ಷದಿಂದ ನನ್ನ ಹೊಟ್ಟೆ ಉರಿಸುತ್ತಿದ್ದಾನೆ.

ಅವನು ನನ್ನ ಹೆಂಡತಿಯ ತಂಗಿಯ ಗಂಡ. ಚನ್ನಪಟ್ಟಣದಲ್ಲಿ ಬಣ್ಣದ ಬೊಂಬೆ ಕಡೆಯುವ ಕೆಲಸ. ಓದಿದ್ದು ಏಳನೇ ಕ್ಲಾಸು. ನಾನೋ, ರಾಮನಗರದಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಸಸ್ಯಶಾಸ್ತ್ರ ಅರೆದು ಕುಡಿಸಿ ನಿವೃತ್ತನಾದವನು. ಆದರೆ ನಮ್ಮಿಬ್ಬರಿಗೂ ಹೆಣ್ಣು ಕೊಟ್ಟ ಅತ್ತೆಯ ಬಾಯಲ್ಲಿ ಸದಾ ಬರುವ ಮಾತು ಯಾವುದು? “ನಮ್ಮ ಚಿಕ್ಕಳಿಯಂದ್ರ ಹೀರೇಕಾಯಿ!” ಅತ್ತೆ ಇರುವುದು ನನ್ನ ಮನೆಯಲ್ಲಿ, ಉಣ್ಣುವುದು ನನ್ನ ಮನೆಯ ಮುದ್ದೆ, ಹೊಗಳುವುದು ಮಾತ್ರ ಅವನ ಹೀರೇಕಾಯಿ.

ಅವನು ಬಳ್ಳಿಗೆ ಆಸರೆ ಕೊಡುವ ರೀತಿ ನೋಡಬೇಕು. ದರ್ಜಿ ಅಳತೆ ತೆಗೆದ ಹಾಗೆ. ಹೀರೆಗೆ ಸಣ್ಣ ಹುರಿ, ಅವರೆಗೆ ಬೆರಳುಗಾತ್ರದ ಕೋಲು, ವೀಳ್ಯದೆಲೆಗೆ ಒರಟು ತೊಗಟೆಯ ಮರ. ಒಮ್ಮೆ ನಾನು ಹೋದಾಗ ಹೀರೆಯ ಕುಡಿಗೆ ಕಿರುಬೆರಳು ಕೊಟ್ಟು ಕುಕ್ಕರಗಾಲಲ್ಲಿ ಕೂತಿದ್ದ. ಬಂದ ನೆಂಟನಿಗೆ ಎದ್ದು ನಿಲ್ಲಲೂ ಇಲ್ಲ. ಅದು ಬೆರಳನ್ನು ಸುತ್ತಿಕೊಳ್ಳುವವರೆಗೆ ಏಳುವ ಹಾಗಿಲ್ಲವಂತೆ! ನಾದಿನಿ ತಂದಿಟ್ಟ ಅವನ ಕಾಫಿ ಆರಿ ತಣ್ಣಗಾಯಿತು.

ಹೊಟ್ಟೆಕಿಚ್ಚು ತಡೆಯಲಾರದೆ ನಾನೂ ಹೀರೆಬೀಜ ಹಾಕಿದೆ. ಅವನಿಗೆ ತಿಳಿಯದಂತೆ ಚನ್ನಪಟ್ಟಣದಲ್ಲೇ ಇನ್ನೊಬ್ಬರ ಹತ್ತಿರ ತೋಳುಗಾತ್ರದ ನಾಲ್ಕು ಕಂಬ ಕಡೆಸಿ, ಬೊಂಬೆಗೆ ಹಚ್ಚುವ ಕೆಂಪು ಹಳದಿ ಅರಗು ಹಚ್ಚಿಸಿ, ಮುಖ ಕಾಣುವಷ್ಟು ನುಣುಪು ಮಾಡಿಸಿ ತಂದು ನೆಟ್ಟೆ. ಬೀದಿಯವರೆಲ್ಲ ನಿಂತು ನೋಡಿ ಮೆಚ್ಚಿದರು, ಬಳ್ಳಿಯೊಂದನ್ನು ಬಿಟ್ಟು! ಅದು ಕಂಬ ಮುಟ್ಟುವುದು, ಜಾರುವುದು, ಮತ್ತೆ ಮುಟ್ಟುವುದು, ಮತ್ತೆ ಜಾರುವುದು. ಕೊನೆಗೆ ಬೇಸತ್ತು ಕಾಂಪೌಂಡಿನ ಗ್ರಿಲ್ ಹಿಡಿದು ಆಚೆ ದಾಟಿ, ಪಕ್ಕದ ಮನೆಯವರ ಬಟ್ಟೆ ತಂತಿಗೆ ಹಬ್ಬಿ, ಕಾಯಿಯನ್ನೂ ಅಲ್ಲೇ ಬಿಟ್ಟಿತು. ಪಕ್ಕದ ಮನೆಯಾಕೆ ಅದರಲ್ಲಿ ಬಜ್ಜಿ ಮಾಡಿ ನನಗೂ ಒಂದು ತಟ್ಟೆ ಕಳಿಸಿದರು.

ಸುದ್ದಿ ಕೇಳಿ ಷಡ್ಡಕ ಬಂದ. ನಗಲಿಲ್ಲ. ನಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಕಂಬ ಸವರಿ, “ಅರಗು ಚೆನ್ನಾಗೈತೆ ಕಣಣ್ಣ. ಆದ್ರೆ ಒಸಿ ಒರಟು ಸಿಕ್ಕಿದ್ರೇನೆ ಅದು ಹಿಡ್ಕಳಾದು” ಎಂದ. ಸಸ್ಯಶಾಸ್ತ್ರ! ನನಗೆ!

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ನಡೆಯದಿದ್ದರೆ ಇನ್ನು ಹಾಸಿಗೆಯೇ ಗತಿ ಎಂದರು ಡಾಕ್ಟರು. ಇಲ್ಲಾದರೂ ಗೆಲ್ಲೋಣವೆಂದು ಫಳಫಳ ಹೊಳೆಯುವ ಸ್ಟೀಲ್ ವಾಕರ್ ತಂದೆ. ಅತ್ತೆ ಮುಟ್ಟಿ ನೋಡಿ, ತಣ್ಣಗಿದೆ, ಜಾರುತ್ತದೆ ಎಂದು ಕೈ ಹಿಂದಕ್ಕೆಳೆದುಕೊಂಡರು. ನಾಲ್ಕು ಕಂಬ ನೆಟ್ಟರೂ ನಾನು ಏನೂ ಕಲಿತಿರಲಿಲ್ಲ.

ಷಡ್ಡಕ ಬಂದವನು ಅತ್ತೆಯ ಕೈಗೆ ತನ್ನ ಕೈ ಕೊಟ್ಟು ಒಂದು ಗಂಟೆ ಕೂತ. ಮುಂದಿನ ವಾರ ಮಂಚದಿಂದ ಬಾಗಿಲ ಕಡೆಗೆ ಗೋಡೆಯುದ್ದಕ್ಕೂ ಮರದ ದುಂಡುಕೋಲು ಕೂರಿಸಿದ. ಅತ್ತೆಯ ಮುಷ್ಟಿಗೆ ಸರಿಯಾದ ಗಾತ್ರ. ಅರಗಿಲ್ಲ. ಅಲ್ಲಲ್ಲಿ ತೆಂಗಿನ ನಾರಿನ ಹಗ್ಗ ಸುತ್ತಿತ್ತು. ಅತ್ತೆ ಹಿಡಿದರು, ಎದ್ದರು. ನನಗೆ ಸಂತೋಷವಾಯಿತೇ? ಸುಳ್ಳು ಹೇಳಲಾರೆ, ಮೊದಲು ಉರಿಯೇ ಹತ್ತಿತು. ಅಷ್ಟರಲ್ಲಿ ಒಂದು ತಪ್ಪು ಕಣ್ಣಿಗೆ ಬಿತ್ತು. ಕೋಲು ಬಾಗಿಲಿಗೆ ಎರಡು ಹೆಜ್ಜೆ ಇರುವಾಗಲೇ ಮುಗಿದಿತ್ತು. ಸಿಕ್ಕಿಬಿದ್ದನಲ್ಲ!

“ಏನಪ್ಪಾ, ಅಳತೆ ತಪ್ಪಿದೆಯಲ್ಲ?” ಎಂದೆ.

ಅವನು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕುತ್ತಾ, “ಇಲ್ಲ ಕಣಣ್ಣ. ಅಲ್ಲಿಂದಾಚೆಗೆ ನೀವಿದೀರಲ್ಲ” ಎಂದ. ಆಮೇಲೆ ನನ್ನ ಮುಖ ನೋಡದೆ, “ನಮ್ಮನೇಗ್ ಬಂದ್ರೂ ಅತ್ತೆ ಬಾಯಲ್ಲಿ ದೊಡ್ಡಳಿಯಂದ್ರ ಮಾತೇಯ. ಎಷ್ಟ್ ಹೊಟ್ಟೆ ಉರ್ಕೊಂಡಿದೀನಿ ಗೊತ್ತಾ ನಿಮ್ಗೆ” ಎಂದ.

ಈಗ ದಿನಾ ಬೆಳಿಗ್ಗೆ ಏಳಕ್ಕೆ ಆ ಕೋಲು ಮುಗಿಯುವಲ್ಲಿ ಕೈ ಚಾಚಿ ನಿಲ್ಲುತ್ತೇನೆ. ಅತ್ತೆಯ ಬೆರಳುಗಳು ಹಗ್ಗ ಬಿಟ್ಟು, ಗಾಳಿಯಲ್ಲಿ ಒಂದು ಕ್ಷಣ ತಡಕಾಡಿ, ನನ್ನ ಮಣಿಕಟ್ಟನ್ನು ಸುತ್ತಿಕೊಳ್ಳುತ್ತವೆ. ಬಾಗಿಲು ಬಂದಮೇಲೂ ಬಿಡುವುದಿಲ್ಲ. ನಾನೂ ಬಿಡಿಸಿಕೊಳ್ಳುವುದಿಲ್ಲ. ನನ್ನ ಕಾಫಿ ಆರುತ್ತದೆ.