ತಾತ್ಕಾಲಿಕ ರಸ್ತೆಯ ಮೇಲೆ ಮೂರು ವರ್ಷ

ಸರಕಾರ ಎಲ್ಲೆಲ್ಲಿ 'ತಾತ್ಕಾಲಿಕ' ಎಂದು ಬೋರ್ಡು ನೆಡುತ್ತದೋ ಅಲ್ಲೆಲ್ಲ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಅದು ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ. ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ಒಂದು ಹಳ್ಳದ ಸೇತುವೆ ಒಡೆದರು. ಪಕ್ಕದಲ್ಲಿ ಮಣ್ಣು ಸುರಿದು, ಮೂರು ತಿಂಗಳ ಮಟ್ಟಿಗೆಂದು ಒಂದು ದಾರಿ ಮಾಡಿದರು. ಅದು ಮೂರು ವರ್ಷ ಬಾಳಿತು. ಬಾಳಿತು ಅನ್ನುವುದಕ್ಕಿಂತ ನರಳಿತು ಅನ್ನಬೇಕು.

ಅದರ ಹಾವೇರಿ ಕಡೆಯ ತುದಿಯಲ್ಲಿ ಬಾವುಟ ಹಿಡಿದು ನಿಲ್ಲುವ ಕೆಲಸ ನನ್ನದು. ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಬ್ಯಾಡಗಿಯಲ್ಲಿ ಒಂದು ಬಾಡಿಗೆ ಖೋಲಿ, ಒಂದು ಸ್ಟೋವು, ನಾನು. ಇಡೀ ದಿನದಲ್ಲಿ ನನ್ನ ಜೊತೆ ಮಾತಾಡುತ್ತಿದ್ದವರೆಂದರೆ ಅಲ್ಲಿ ಸಿಕ್ಕಿಕೊಂಡು ನನ್ನನ್ನು ಬೈಯುವ ಮಂದಿ. ಸುಳ್ಳು ಯಾಕೆ ಹೇಳಲಿ, ದಾರಿ ಸರಾಗವಾಗಿದ್ದ ದಿನ ನನಗೆ ಬೇಸರವಾಗುತ್ತಿತ್ತು.

ಕೋಲು

ದಾರಿ ಒಂದೇ ಗಾಡಿ ಹಿಡಿಯುವಷ್ಟು ಅಗಲ. ಆ ತುದಿಯ ಬಾವುಟದವನು ಈ ತುದಿಗೆ ಕಾಣುತ್ತಿರಲಿಲ್ಲ. ಅದಕ್ಕೆ ಇಲಾಖೆಯವರು ಒಂದು ಕೋಲಿಗೆ ಕೆಂಪು ಬಣ್ಣ ಬಳಿದು ಕೊಟ್ಟಿದ್ದರು. ನನ್ನ ಕಡೆಯಿಂದ ಹೋಗುವ ಕೊನೆಯ ಗಾಡಿಯವನು ಆ ಕೋಲನ್ನು ಅವನಿಗೆ ಮುಟ್ಟಿಸಬೇಕು. ಕೋಲು ಕೈಗೆ ಬಂದ ಮೇಲೆಯೇ ಅವನು ತನ್ನ ಕಡೆಯ ಗಾಡಿ ಬಿಡಬೇಕು.

ಒಂದು ದಿನ ಕೋಲನ್ನು ಸರಕಾರಿ ಬಸ್ಸಿನ ಕಂಡಕ್ಟರನಿಗೆ ಕೊಟ್ಟೆ. ಅವನು ಟಿಕೆಟ್ ಹರಿಯುತ್ತ ಮರೆತು ಅದನ್ನು ರಾಣೆಬೆನ್ನೂರಿಗೇ ಒಯ್ದ. ಕೋಲಿಲ್ಲದೆ ಆ ತುದಿಯವನೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಎರಡೂ ಕಡೆ ಕಣ್ಣು ಹಾಯುವಷ್ಟು ಗಾಡಿ, ನಡುವೆ ಖಾಲಿ ರಸ್ತೆ.

ಮೆಣಸಿನಕಾಯಿ ಲಾರಿಯ ಡ್ರೈವರ್ ಇಳಿದು ಬಂದು, "ಗಿಡ ಐತಲ್ರಿ, ಇನ್ನೊಂದ್ ಕೋಲ ಮುರಕೋರಿ" ಅಂದ.

"ಬಣ್ಣ ಎಲ್ಲಿಂದ ತರ್ಲಿ?" ಅಂದೆ.

ಕೊನೆಗೆ ನಾನೇ ಓಡಿಹೋಗಿ ಆ ತುದಿಯವನಿಗೆ ಮುಖ ತೋರಿಸಿದ ಮೇಲೆ ಗಾಡಿಗಳು ಅಲುಗಿದವು. ಸಂಜೆ ಕಂಡಕ್ಟರ್ ಬರಿಗೈಯಲ್ಲಿ ಬಂದ. "ಕೋಲ ಡಿಪೋದಾಗ ಜಮಾ ಮಾಡೇನ್ರಿ. ಪ್ರಯಾಣಿಕರು ಬಿಟ್ಟುಹೋದ ಸಾಮಾನು ಅಂತ ಬರಕೊಂಡಾರ. ಗುರುತು ಹೇಳಿ ಅರ್ಜಿ ಕೊಟ್ರ ಕೊಡ್ತಾರಂತ."

ಸಂಚಾರ ಸುಗಮ

ಮಳೆಗಾಲದಲ್ಲಿ ದಾರಿ ಕುಸಿಯತೊಡಗಿತು. ಎಂಜಿನಿಯರ್ ಸಾಹೇಬರು ನೋಡಲು ಬಂದರು. ಬಂದ ಜೀಪು ಅಲ್ಲೇ ಕೆಸರಿನಲ್ಲಿ ಹೂತುಹೋಯಿತು. ಅಗಡಿ ಕಡೆಯ ಒಬ್ಬ ರೈತ ಎತ್ತು ಕಟ್ಟಿ ಎಳೆಸುತ್ತಿದ್ದಾಗ ಮೇಲಿನವರ ಫೋನು. ಸಾಹೇಬರು ಜೀಪಿನೊಳಗೆ ಕೂತೇ, "ಸ್ಪಾಟಿನ್ಯಾಗ ಅದೀನ್ರಿ ಸರ್. ಸಂಚಾರ ಸುಗಮ ಐತ್ರಿ" ಅಂದರು.

ರೈತ ಬಾರುಕೋಲು ಕೆಳಗಿಟ್ಟು ಕಿಟಕಿಯ ಹತ್ತಿರ ಬಂದ. "ಸಾಹೇಬ್ರ, ಅದನ್ನ ಎತ್ತಿಗೂ ಒಂದ್ ಸಲ ಹೇಳ್ರಿ. ಗೊತ್ತಿಲ್ದ ಸುಮ್ನ ಜಗ್ಗಾಕತ್ತಾವು."

ಮನೆ ನೋಡಲು ಬಂದವರು

ರಾಣೆಬೆನ್ನೂರು ಕಡೆಯ ಮೇಡ್ಲೇರಿಯ ಒಂದು ಸಂಬಂಧ ಕೂಡಿಬಂದಿತ್ತು. ಅವಳಿಗೂ ವಯಸ್ಸಾಗಿತ್ತು. ನಾನು ಒಪ್ಪಿದ್ದೆ, ಅವಳೂ ಒಪ್ಪಿದ್ದಳಂತೆ. ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಿ ಹೋದ ಮೇಲೆಯೇ ಮಾತು ಗಟ್ಟಿ. ಖೋಲಿಗೆ ಸುಣ್ಣ ಬಳಿದೆ, ಪಕ್ಕದ ಮನೆಯಿಂದ ಎರಡು ಕುರ್ಚಿ ತಂದೆ, ಪಾತ್ರೆ ತುಂಬ ಉಪ್ಪಿಟ್ಟು ಮಾಡಿಟ್ಟೆ. ಅವತ್ತೇ ನನ್ನ ಬದಲಿ ಆಳು ಬರಲಿಲ್ಲ. ದಾರಿಯ ನಡುವೆ ಒಂದು ಲಾರಿ ಬೇರೆ ವಾಲಿ ನಿಂತಿತು.

ಅವರ ಟೆಂಪೋ ಆ ತುದಿಯಲ್ಲಿ ನಿಂತಿದೆ ಎಂದು ತಿಳಿದು, ಬಾವುಟದ ಸಮೇತ ಕೆಸರು ತುಳಿದು ಓಡಿದೆ. ಎರಡು ತಾಸು ಕಾದಿದ್ದ ಹುಡುಗಿಯ ಅಪ್ಪ ನನ್ನನ್ನು ನೋಡಿದ, ಬಾವುಟ ನೋಡಿದ. ಆಮೇಲೆ ಮಧ್ಯಸ್ಥನಿಗೆ ಹೇಳಿದ: "ಈ ಒಂದ್ ಫರ್ಲಾಂಗ ದಾರಿ ಸಂಬಾಳ್ಸಾಕ ಆಗದಾಂವ ನಮ್ಮ ಹುಡಿಗೀನ ಹೆಂಗ ಸಂಬಾಳಸ್ತಾನ?"

ರಸ್ತೆ ನನ್ನದಲ್ಲ, ಸರಕಾರದ್ದು ಅನ್ನಬೇಕೆನಿಸಿತು. ಆದರೆ ನನ್ನದು ಎಂದು ಹೇಳಿಕೊಳ್ಳಲು ಬೇರೇನೂ ಇರಲಿಲ್ಲ. ಟೆಂಪೋ ಅಲ್ಲಿಂದಲೇ ತಿರುಗಿತು. ಬಹಳ ಸಂಕಟವಾಯಿತು. ಉಪ್ಪಿಟ್ಟನ್ನು ನಾನೊಬ್ಬನೇ ಎರಡು ಹೊತ್ತು ತಿಂದೆ. ತಂದ ಕುರ್ಚಿ ಸುಮ್ಮನೆ ಹೋಗಬಾರದೆಂದು ಒಂದು ಹೊತ್ತು ಒಂದರಲ್ಲಿ, ಇನ್ನೊಂದು ಹೊತ್ತು ಇನ್ನೊಂದರಲ್ಲಿ ಕೂತು.

ಅಕ್ಕಿಕಾಳು

ಮುಂದಿನ ಬೇಸಿಗೆಯಲ್ಲಿ ಒಂದು ಮದುವೆ ಬಸ್ಸು ನನ್ನ ತುದಿಯಲ್ಲಿ ಸಿಕ್ಕಿಬಿತ್ತು. ಲಗ್ನ ರಾಣೆಬೆನ್ನೂರಿನಲ್ಲಿ, ಹನ್ನೆರಡೂವರೆಗೆ. ಮದುಮಗ ಹಿಂದಿನ ದಿನವೇ ಹೋಗಿದ್ದ. ಅಲ್ಲಿ ಹಂಚಬೇಕಾದ ಅರಿಷಿಣದ ಅಕ್ಕಿಕಾಳಿನ ಚೀಲವೂ ಇದೇ ಬಸ್ಸಿನಲ್ಲಿ, ಮದುಮಗನ ಸೋದರತ್ತೆಯ ತೊಡೆಯ ಮೇಲೆ. ಹನ್ನೆರಡೂಕಾಲಾದರೂ ಬಸ್ಸು ಮಿಸುಕಲಿಲ್ಲ.

ಒಬ್ಬ ಹಿರಿಯರು ಗಡಿಯಾರ ನೋಡಿಕೊಂಡು, "ಮುಹೂರ್ತ ನಮ್ಮ ಸಲುವಾಗಿ ನಿಂದ್ರೂದಿಲ್ಲ. ಅಕ್ಕಿಕಾಳ ಇಲ್ಲೇ ಒಗೀರಿ" ಅಂದರು.

ಮಂಟಪದಲ್ಲಿದ್ದವರಿಗೆ ಮೊಬೈಲ್ ಹಚ್ಚಿ ಎತ್ತಿ ಹಿಡಿದರು. ಮಂಗಲಾಷ್ಟಕ ಸಣ್ಣಗೆ ಕೇಳತೊಡಗಿತು. ಎಲ್ಲರೂ ಇಳಿದು, ಚಪ್ಪಲಿ ಬಿಟ್ಟು, ಮುಷ್ಟಿಯಲ್ಲಿ ಅಕ್ಕಿ ಹಿಡಿದು ರಾಣೆಬೆನ್ನೂರಿನ ಕಡೆ ಮುಖ ಮಾಡಿ ನಿಂತರು. ಆ ಕಡೆ ನಿಂತಿದ್ದವನು ನಾನು. ಸರಿಯೋಣವೆಂದರೆ ಒಂದು ಕಡೆ ಹಳ್ಳ, ಇನ್ನೊಂದು ಕಡೆ ಮಣ್ಣಿನ ಗುಡ್ಡೆ. ಫೋನಿನಲ್ಲಿ ವಾದ್ಯ ಮೊಳಗಿತು. ಇಡೀ ಬಸ್ಸಿನ ಅಕ್ಕಿಕಾಳು ನನ್ನ ತಲೆ, ಹೆಗಲು, ಅಂಗಿಯ ಕಿಸೆಯಲ್ಲೆಲ್ಲ ಬಿದ್ದವು.

ಸೋದರತ್ತೆ ನಗುತ್ತ ಬಂದು, "ತಪ್ಪು ತಿಳೀಬ್ಯಾಡ ತಮ್ಮಾ. ಮನಿಗೆ ಹೋಗಿ ಹೇಣ್ತಿಗೆ ಹೇಳು, ಎರಡ್ನೇ ಸಲ ಲಗ್ನ ಆತು ಅಂತ" ಅಂದಳು.

"ಒಂದ್ ಸಲಾನೂ ಆಗಿಲ್ಲಬೇ ಯವ್ವಾ" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಆಗಿಲ್ಲ ಅಂದ್ರ ಹೆಂಗ? ಅಕ್ಕಿಕಾಳು ಬಿತ್ತು, ಲಗ್ನ ಆತು. ಹೆಣ್ಣು ಬರೂದೊಂದ ಬಾಕಿ. ಪಾಪ, ಆಕಿನೂ ಇಲ್ಲೇ ಎಲ್ಲೋ ಸಾಲಿನ್ಯಾಗ ಸಿಕ್ಕೊಂಡಿರಬೇಕು. ನೀ ಮೊದಲ ಆ ಕೆಂಪ ಬಾವುಟ ಇಳಸು."