ಹಿಂದೆ, ಎಡಕ್ಕೆ, ಮೇಲೆ

ಸಂಗೀತ ಕಚೇರಿಯಲ್ಲಿ ತಂಬೂರಿ ನುಡಿಸುವವರು ಗಾಯಕರ ಹಿಂದೆ ಕೂರತಕ್ಕದ್ದು. ಅವರ ಹೆಸರನ್ನು ಯಾರೂ ಕೇಳತಕ್ಕದ್ದಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಹಾಗಾಗಿ ಬರೆದಿಟ್ಟ ನಿಯಮಗಳಿಗಿಂತ ಚೆನ್ನಾಗಿ ಪಾಲನೆಯಾಗುತ್ತಾ ಬಂದಿದೆ.

ಮಲ್ಲೇಶ್ವರದ ನಮ್ಮ ಹಿರಿಯ ನಾಗರಿಕರ ಸಂಗೀತ ಸಂಘದ ಸದಸ್ಯೆ ಶ್ರೀಮತಿ ಕೋಕಿಲಾ ಅವರು ಹಗಲು ಶೇಷಾದ್ರಿಪುರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಾ, ಸಂಜೆ ಈ ನಿಯಮದಡಿ ನಲವತ್ತು ವರ್ಷ ಸೇವೆ ಸಲ್ಲಿಸಿದವರು. ಬೆಂಗಳೂರಿನ ದೊಡ್ಡ ಗಾಯಕರ ಬೆನ್ನುಗಳನ್ನು ಅವರಷ್ಟು ಹತ್ತಿರದಿಂದ ನೋಡಿದವರು ಬೇರೆ ಇಲ್ಲ. ಪತ್ರಿಕೆಗಳ ವಿಮರ್ಶೆಯಲ್ಲಿ ಅವರ ಹೆಸರು ಬಂದಿಲ್ಲ. ಫೋಟೊಗಳಲ್ಲಿ ಗಾಯಕರ ಕಿವಿಯ ಪಕ್ಕ ತಂಬೂರಿಯ ತುದಿ ಮಾತ್ರ ಕಾಣುತ್ತದೆ. ಈ ಬಗ್ಗೆ ಅವರು ಯಾರ ಮುಂದೂ ದೂರಿಕೊಂಡದ್ದಿಲ್ಲವೆಂಬುದನ್ನು ಸಂಘದ ಜಂಟಿ ಕಾರ್ಯದರ್ಶಿಯಾದ ನಾನು, ರಾಮಾನುಜ, ದೃಢೀಕರಿಸಬಲ್ಲೆ.

ಹೀಗಿರುವಾಗ ‘ಆಲಿಸಿ’ ಎಂಬ ಸ್ಟ್ರೀಮಿಂಗ್ ಸಂಸ್ಥೆಯವರು, ಚಾಮರಾಜಪೇಟೆಯ ಚಪ್ಪರವೊಂದರಲ್ಲಿ ಬಹಳ ಹಿಂದೆ ನಡೆದ ಕಚೇರಿಯ ಟೇಪನ್ನು ಎಲ್ಲಿಂದಲೋ ಸಂಪಾದಿಸಿದರು. ಅದರಲ್ಲಿ ಬೆರೆತುಹೋಗಿದ್ದ ದನಿಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಒಂದೊಂದನ್ನೂ ಒಂದೊಂದು ದಿಕ್ಕಿಗೆ ಕೂರಿಸಿ, ‘ದಶದಿಕ್’ ಎಂಬ ತಮ್ಮ ಹೊಸ ಧ್ವನಿ ಮಾದರಿಯಲ್ಲಿ ಬಿಡುಗಡೆ ಮಾಡಿದರು. ಈ ಮಾದರಿಯಲ್ಲಿ ಸಂಗೀತ ಎದುರಿನಿಂದಷ್ಟೇ ಅಲ್ಲ, ಸುತ್ತಲಿಂದಲೂ ತಲೆಯ ಮೇಲಿಂದಲೂ ಬರುತ್ತದೆ. ಗಾಯಕರು ಮುಂದೆ, ಮೃದಂಗ ಎಡಕ್ಕೆ, ಪಿಟೀಲು ಬಲಕ್ಕೆ, ಕೆಮ್ಮುವ ಸಭಿಕರು ಸುತ್ತಲೂ. ತಂಬೂರಿಯನ್ನು ಹಿಂದೆ, ಎಡಕ್ಕೆ, ಮೇಲೆ ಇಟ್ಟರು. ಗಾಯಕರ ಹೆಸರು ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಹೇಳುವುದಿಲ್ಲ. ಆದರೆ ಕಲಾವಿದರ ವಿವರದ ಕೊನೆಯ ಸಾಲಿನಲ್ಲಿ ‘ತಂಬೂರಿ: ಕೋಕಿಲಾ’ ಎಂದು ಸ್ಪಷ್ಟವಾಗಿ ಇತ್ತು.

ಕೋಕಿಲಾ ಅವರು ಆ ಸಾಲನ್ನು ಕನ್ನಡಕ ಹಾಕಿಕೊಂಡೊಮ್ಮೆ, ತೆಗೆದೊಮ್ಮೆ ಓದಿದರು. ಆಮೇಲೆ ಸಂಘದ ಹಾಲಿನಲ್ಲಿ ಎಲ್ಲರ ಎದುರು ಮೊಬೈಲಿನಲ್ಲಿ ಕಚೇರಿಯನ್ನು ಹಚ್ಚಿದೆವು. ಗಾಯಕರು ಕೇಳಿಸಿದರು. ಮೃದಂಗ, ಪಿಟೀಲು ಕೇಳಿಸಿದವು. ಕೆಮ್ಮು ಕೂಡ ಕೇಳಿಸಿತು. ತಂಬೂರಿ ಬರಬೇಕಾದ ಹೊತ್ತಿಗೆ ಪರದೆಯ ಮೇಲೆ ಒಂದು ಪ್ರಕಟಣೆ ಬಂತು: ‘ಕ್ಷಮಿಸಿ. ನಿಮ್ಮ ಸಾಧನವು ಈ ಕಲಾವಿದರನ್ನು ಬೆಂಬಲಿಸುವುದಿಲ್ಲ.’

“ಇದನ್ನ ಇಷ್ಟು ಮರ್ಯಾದೆಯಾಗಿ ಯಾರೂ ಹೇಳಿರ್ಲಿಲ್ಲ,” ಎಂದರು ಕೋಕಿಲಾ.

ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಮಾತ್ರ ಇನ್ನೊಂದು ಮಾತು ಹೇಳಿದರು. “ರಾಮಾನುಜ ಅವ್ರೇ, ಕಚೇರೀಲಿ ನಾನು ನುಡಿಸಿದ್ದನ್ನ ನಾನು ಕೇಳಿಯೇ ಇಲ್ಲ. ಗಾಯಕರ ದನೀಲಿ ಅದು ಮುಚ್ಚಿ ಹೋಗುತ್ತೆ. ಒಂದ್ಸಲ ಎದುರಿಗೆ ಕೂತು ಕೇಳ್ಬೇಕು ನೋಡಿ. ಇಷ್ಟು ವರ್ಷ ಶ್ರುತಿ ಸರಿಯಾಗಿತ್ತೋ ಇಲ್ವೋ, ಯಾರೂ ಹೇಳ್ಲಿಲ್ಲ.”

ಸಂಘದ ಅಧ್ಯಕ್ಷರಾದ ವಾದಿರಾಜ ಅವರು ಲೆಕ್ಕಪರಿಶೋಧನೆಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ತಮಗೆ ಬರಬೇಕಾದದ್ದು ಬಾರದೆ ಇದ್ದರೆ ಸುಮ್ಮನಿರುವವರಲ್ಲ. ಸಾಲದ್ದಕ್ಕೆ ಬಸವನಗುಡಿಯ ಸಂಘದವರು ‘ಇಲ್ಲಿ ದಶದಿಕ್ ಕೇಳಿಸುತ್ತದೆ’ ಎಂದು ಬೋರ್ಡು ಬರೆಸಿ ಹಾಕಿದ್ದರು.

“ನಿಜವಾಗ್ಲೂ ಕೇಳಿಸುತ್ತೇನ್ರೀ ಅಲ್ಲಿ?” ಎಂದು ವಾದಿರಾಜರು ನನ್ನನ್ನು ಕೇಳಿದರು.

“ಹೋಗಿದ್ದೆ ಸರ್. ಕೇಳ್ಸಲ್ಲ. ಬೋರ್ಡು ಮಾತ್ರ ರಸ್ತೆ ತುದಿವರೆಗೂ ಕಾಣ್ಸುತ್ತೆ.”

“ಹಾಗಾದ್ರೆ ಅವರು ಅರ್ಧ ಕೆಲಸ ಮುಗಿಸಿಬಿಟ್ಟಿದಾರೆ,” ಎಂದು ಅಧ್ಯಕ್ಷರು ಕಳವಳಗೊಂಡರು. ಅದೇ ವಾರ ಧ್ವನಿ ಹೊಂದಾಣಿಕೆ ಉಪಸಮಿತಿ ರಚನೆಯಾಯಿತು.

ಉಪಸಮಿತಿಯು ಕಾಟನ್‌ಪೇಟೆಯ ಟಿವಿ, ಸ್ಪೀಕರುಗಳ ಸಗಟು ವ್ಯಾಪಾರಿ ನಾಗಭೂಷಣ್ ಅವರನ್ನು ಕರೆಸಿತು. ಅವರು ಹಾಲಿನ ಹಳೇ ಟಿವಿಯನ್ನು ನೋಡಿ, ಯಾರೋ ತೀರಿಕೊಂಡವರ ಮನೆಗೆ ಬಂದವರಂತೆ ತಲೆ ತಗ್ಗಿಸಿ ನಿಂತರು. ಹೊಸ ಟಿವಿ ಬಂತು. ಪ್ರಕಟಣೆ ಹೋಗಲಿಲ್ಲ. ‘ಆಲಿಸಿ’ಯ ಗ್ರಾಹಕ ಸೇವೆಗೆ ಫೋನ್ ಮಾಡಿದಾಗ ಶರಣ್ಯ ಎಂಬ ಹುಡುಗಿ ಬಹಳ ವಿನಯದಿಂದ ವಿವರಿಸಿದಳು.

“ಸರ್, ನಿಮ್ಮ ಟಿವಿ ದಶದಿಕ್‌ನ ಬೆಂಬಲಿಸುತ್ತೆ. ಆದ್ರೆ ಟಿವಿ ಒಳಗಿರೋ ನಮ್ಮ ಆಪ್ ನಿಮ್ಮ ಟಿವಿನ ಬೆಂಬಲಿಸಲ್ಲ. ಹೊರಗಿಂದ ಟಿವಿಗೆ ಚುಚ್ಚೋ ಒಂದು ಸ್ಟಿಕ್ ಹಾಕ್ಬೇಕು.”

ಸ್ಟಿಕ್ ಹಾಕಿದೆವು. ಸ್ಟಿಕ್ಕಿನಿಂದ ದನಿ ಹೊರಟಿತು, ಕೇಬಲ್ಲಿನಲ್ಲಿ ನಿಂತಿತು. ಕೇಬಲ್ ಬದಲಾಯಿಸಿದೆವು. ದನಿ ಕೇಬಲ್ ದಾಟಿ, ಟಿವಿಯ ಕೆಳಗೆ ತಂದಿಟ್ಟಿದ್ದ ಸೌಂಡ್‌ಬಾರೆಂಬ ಉದ್ದನೆಯ ಸ್ಪೀಕರಿಗೆ ಬಂತು. ಆದರೆ ಆ ಸೌಂಡ್‌ಬಾರು ದನಿಯನ್ನು ಮೇಲಕ್ಕೆಸೆದು, ಸೀಲಿಂಗಿಗೆ ತಾಗಿಸಿ, ಕೆಳಗಿಳಿಸುವ ಜಾತಿಯದು. ನಮ್ಮ ಹಾಲಿನದು ತೊಲೆಗಳಿರುವ ಹಳೇ ಕಾಲದ ತಾರಸಿ. ದನಿ ಮೇಲೆ ಹೋಗಿ ತೊಲೆಗಳ ನಡುವೆ ಉಳಿದುಕೊಂಡಿತು. ಆದ್ದರಿಂದ ಫ್ಯಾನುಗಳನ್ನು ಬಿಚ್ಚಿಸಿ, ತೊಲೆಗಳನ್ನು ಮುಚ್ಚಿಸಿ, ನುಣುಪಾದ ಫಾಲ್ಸ್ ಸೀಲಿಂಗ್ ಮಾಡಿಸಲಾಯಿತು. ಸದಸ್ಯರ ಬೆವರಿನಿಂದ ಧ್ವನಿಯ ಗುಣಮಟ್ಟಕ್ಕೆ ಧಕ್ಕೆಯಿಲ್ಲವೆಂದು ಉಪಸಮಿತಿ ನಾಗಭೂಷಣ್ ಅವರಿಂದ ಖಚಿತಪಡಿಸಿಕೊಂಡಿತು.

ಸೀಲಿಂಗ್ ಒಣಗುವುದರೊಳಗೆ ಆಪ್ ಅಪ್‌ಡೇಟ್ ಆಯಿತು.

“ಸರ್, ನಿಮ್ಮ ಟಿವಿ ಹಳೇದಾಯ್ತು,” ಎಂದಳು ಶರಣ್ಯ.

“ಮೊನ್ನೆ ತಾನೇ ತಂದಿದ್ದಮ್ಮ,” ಎಂದರು ವಾದಿರಾಜರು.

“ಮೊನ್ನೆ ಹೊಸದಾಗಿತ್ತು ಸರ್.”

ಅಧ್ಯಕ್ಷರು ಈ ಉತ್ತರದಲ್ಲಿ ತಪ್ಪು ಹುಡುಕಲು ಬಹಳ ಪ್ರಯತ್ನಿಸಿದರು. ಆಗಲಿಲ್ಲ. ಇನ್ನೊಂದು ಟಿವಿ ಬಂತು, ಜೊತೆಗೆ ಹಾಲಿನ ಮೂಲೆಮೂಲೆಗೂ ಒಂದೊಂದು ಸ್ಪೀಕರ್. ನಾಗಭೂಷಣ್ ಅವರನ್ನು ಸಂಘದ ಪೋಷಕರನ್ನಾಗಿ ಮಾಡಿಕೊಳ್ಳಲಾಯಿತು, ಏಕೆಂದರೆ ಅಷ್ಟರಲ್ಲಿ ಸಂಘವೇ ಅವರನ್ನು ಪೋಷಿಸುತ್ತಿತ್ತು.

ಕೊನೆಗೆ ಎಲ್ಲ ದಿಕ್ಕುಗಳೂ ನುಡಿದವು. ಉಳಿದದ್ದು ಒಂದೇ ಮೂಲೆ. ಹಿಂಗೋಡೆಯ ಎಡಭಾಗದಲ್ಲಿ, ಹಬ್ಬದ ದೊಡ್ಡ ಪಾತ್ರೆಗಳನ್ನಿಡುವ ಅಟ್ಟದ ಹತ್ತಿರ ಕೂರಿಸಿದ್ದ ಸ್ಪೀಕರ್ ಮಾತ್ರ ಬಾಯಿ ಬಿಡಲಿಲ್ಲ. ಬದಲಿ ಸ್ಪೀಕರ್ ಹಡಗಿನಲ್ಲಿ ಬರಬೇಕಂತೆ. ಇತ್ತ ಮರುದಿನವೇ ‘ಆಲಿಸಿ’ಯ ಎಂಜಿನಿಯರು ಸಭಾಂಗಣವನ್ನು ಪರೀಕ್ಷಿಸಲು ಬರುವವರಿದ್ದರು. ಪಾಸಾದರೆ ಕರ್ನಾಟಕದ ಮೊದಲ ದಶದಿಕ್-ಅರ್ಹ ಸಭಾಂಗಣವೆಂಬ ಪ್ರಮಾಣಪತ್ರ. ಇಲ್ಲದಿದ್ದರೆ ಅದು ಬಸವನಗುಡಿಗೆ.

ಉಪಸಮಿತಿ ತುರ್ತಾಗಿ ಸಭೆ ಸೇರಿತು. ಕೋಕಿಲಾ ಅವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಅಟ್ಟದ ಕಡೆ ನೋಡಿದರು.

“ಅಲ್ಲಿ ನಾನೇ ಹೋಗಿ ಕೂತ್ರೆ ಆಗಲ್ವಾ?” ಎಂದರು.

ಯಾರೂ ನಗಲಿಲ್ಲ. ವಾದಿರಾಜರು ಪೆನ್ನು ಮುಚ್ಚಿ ಯೋಚಿಸಿದರು. “ಇದ್ರಲ್ಲಿ ಮೋಸ ಏನೂ ಕಾಣ್ತಿಲ್ಲ. ಟೇಪಲ್ಲಿರೋದೂ ಇವರೇ, ಅಟ್ಟದಲ್ಲಿರೋದೂ ಇವರೇ. ನಡುವೆ ಇದ್ದ ಮಿಷನ್ನುಗಳನ್ನ ತೆಗೆದಿದೀವಿ, ಅಷ್ಟೇ.”

“ನಿಮಗೆ ಕಷ್ಟ ಆಗಲ್ವಾ?” ಎಂದು ನಾನು ಕೋಕಿಲಾ ಅವರನ್ನು ಕೇಳಿದೆ. ಅವರು ಎದುರಿಗೆ ಕೂತು ಕೇಳಬೇಕೆಂದಿದ್ದದ್ದು ನನ್ನ ಮನಸ್ಸಿನಲ್ಲಿತ್ತು.

“ಹಿಂದೆ ಕೂರೋದು ನಂಗೆ ಅಭ್ಯಾಸ ಇದೆ. ಮೇಲೆ ಕೂರೋದು ಹೊಸದು,” ಎಂದರು. ಆ ‘ಮೇಲೆ’ ಎಂಬ ಮಾತನ್ನು ಅವರು ಕೊಂಚ ಒತ್ತಿ ಹೇಳಿದಂತೆ ನನಗೆ ಕೇಳಿಸಿತು.

ಪಾತ್ರೆಗಳನ್ನು ಇಳಿಸಿ, ಅಟ್ಟಕ್ಕೆ ಜಮಖಾನೆ ಹಾಸಲಾಯಿತು. ಉಪಸಮಿತಿ ಕೆಲವು ನಿಯಮಗಳನ್ನು ಅಂಗೀಕರಿಸಿತು. ಸಾಧನವು ಕಚೇರಿಗೆ ಮುಂಚೆಯೇ ಶ್ರುತಿಗೆ ಬಂದಿರತಕ್ಕದ್ದು. ಸಾಧನವು ಕೆಮ್ಮತಕ್ಕದ್ದಲ್ಲ, ಕೆಮ್ಮು ಟೇಪಿನಲ್ಲೇ ಸಾಕಷ್ಟಿದೆ. ಕೀರ್ತನೆಗಳ ನಡುವೆ ಸಾಧನಕ್ಕೆ ಬಿಸಿನೀರು ಕೊಡಬಹುದು. ಸಾಧನವು ಕೆಳಗಿರುವ ಪರಿಚಯಸ್ಥರನ್ನು ಮಾತಾಡಿಸುವಂತಿಲ್ಲ.

ಎಂಜಿನಿಯರು ಅಭಿನಂದನ್ ಊರಿನ ಆಚೆ ತುದಿಯಿಂದ ಟ್ರಾಫಿಕ್ಕಿನಲ್ಲಿ ಬಂದು ಬಹಳ ಬಳಲಿದ್ದರು. ಹಾಲಿನ ನಟ್ಟನಡುವೆ ಸುಣ್ಣದಲ್ಲಿ ಗುರುತು ಹಾಕಿದ ಜಾಗದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಕಚೇರಿ ಶುರುವಾಯಿತು. ಮುಂದಿನಿಂದ ಗಾಯಕರು, ಅಕ್ಕಪಕ್ಕದಿಂದ ಮೃದಂಗ, ಪಿಟೀಲು. ಆಮೇಲೆ ಹಿಂದಿನಿಂದ, ಎಡದಿಂದ, ಮೇಲಿನಿಂದ ತಂಬೂರಿಯ ದನಿ ಹಾಲನ್ನೆಲ್ಲ ತುಂಬಿಕೊಂಡು ಇಳಿಯಿತು. ಅಭಿನಂದನ್ ಕೈಯಲ್ಲಿದ್ದ ಅಳತೆಯ ಯಂತ್ರವನ್ನು ಮಡಿಲಲ್ಲಿಟ್ಟರು. ಪಲ್ಲವಿ ಮುಗಿಯುವವರೆಗೆ ಅದನ್ನು ಮತ್ತೆ ಎತ್ತಿಕೊಳ್ಳಲಿಲ್ಲ.

“ಸರ್, ಇದು ನಮ್ಮ ಆಫೀಸಲ್ಲೂ ಕೇಳಿಸಿಲ್ಲ,” ಎಂದರು. ಎದ್ದು ಹಿಂದೆ ತಿರುಗಿ, ಅಟ್ಟದ ಮೆಟ್ಟಿಲು ಹತ್ತಿದರು. ನಾವೂ ಹಿಂಬಾಲಿಸಿದೆವು.

ಕೋಕಿಲಾ ಅವರು ತಂಬೂರಿ ಹಿಡಿದುಕೊಂಡು ಕೂತಿದ್ದರು. ನಿಯಮದ ಪ್ರಕಾರ ಮಾತಾಡಲಿಲ್ಲ.

“ಇವರು?” ಎಂದು ಅಭಿನಂದನ್ ಕೇಳಿದರು.

“ಕೋಕಿಲಾ,” ಎಂದರು ವಾದಿರಾಜರು.

ಅಭಿನಂದನ್ ತಮ್ಮ ಮೊಬೈಲಿನಲ್ಲಿ ಕಲಾವಿದರ ವಿವರ ತೆಗೆದು ನೋಡಿದರು. “ಹೆಸರು ಮ್ಯಾಚ್ ಆಗ್ತಿದೆ,” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಮೆಟ್ಟಿಲ ಮೇಲೆಯೇ ಕೂತರು. “ನೋಡಿ ಸರ್, ದನಿ ಸರಿಯಾದ ದಿಕ್ಕಿಂದ ಬರ್ಬೇಕು ಅಂತ ನಮ್ಮ ನಿಯಮ. ಸಾಧನ ಅಂದ್ರೆ ಏನು ಅಂತ ಎಲ್ಲೂ ಹೇಳಿಲ್ಲ. ಈ ತಿಂಗಳು ಒಂದು ಹಾಲ್ ಆದ್ರೂ ಪಾಸ್ ಮಾಡ್ಲಿಲ್ಲ ಅಂದ್ರೆ ನನ್ನನ್ನ ಮಕ್ಕಳ ವಿಡಿಯೋ ಗೇಮ್ ವಿಭಾಗಕ್ಕೆ ಹಾಕ್ತಾರೆ. ಅಲ್ಲಿ ಇಡೀ ದಿನ ಸಿಡಿಗುಂಡು.” ಬಳಿಕ ಕೋಕಿಲಾ ಅವರ ಕಡೆ ತಿರುಗಿ, “ಮೇಡಂ, ಯಾವ ಕಾಲದ್ದು?” ಎಂದರು.

“ಎಪ್ಪತ್ತೆರಡು ತುಂಬ್ತು.”

“ಅಪ್‌ಡೇಟ್ ಏನಾದ್ರೂ ಬೇಕಾಗುತ್ತಾ?”

“ಬೆಳಿಗ್ಗೆ ಒಂದು, ಸಂಜೆ ಒಂದು. ಬಿಪಿಗೆ.”

ಅವರು ಅದನ್ನು ಬರೆದುಕೊಂಡರು. ಪ್ರಮಾಣಪತ್ರ ಬಂತು. ಪ್ರತಿ ಶನಿವಾರ ಸಂಜೆ ಹಾಲಿನಲ್ಲಿ ಟೇಪಿನ ಕಚೇರಿ, ಅಟ್ಟದಲ್ಲಿ ಕೋಕಿಲಾ ಅವರು ಎಂದು ನಿಗದಿಯಾಯಿತು. ‘ಆಲಿಸಿ’ಯ ವೆಬ್‌ಸೈಟಿನಲ್ಲಿ ಬೆಂಬಲಿತ ಸಾಧನಗಳ ಪುಟದಲ್ಲಿ ಟಿವಿಗಳು, ಸ್ಟಿಕ್ಕುಗಳು, ಸೌಂಡ್‌ಬಾರುಗಳ ಕೆಳಗೆ ‘ಕೋಕಿಲಾ (ಮಲ್ಲೇಶ್ವರದಲ್ಲಿ ಮಾತ್ರ)’ ಎಂದು ಸೇರಿಸಲಾಯಿತು. ಬಸವನಗುಡಿಯ ಸಂಘದವರು ಹಣ್ಣು, ತೆಂಗಿನಕಾಯಿ ಹಿಡಿದು ಅವರ ಮನೆಗೆ ಹೋಗಿ ಬಂದರೆಂಬ ಸುದ್ದಿ ಬಂತು. ಕೋಕಿಲಾ ಅವರು ಅದನ್ನು ಅಲ್ಲಗಳೆಯಲಿಲ್ಲ. “ನನಗೋಸ್ಕರ ಎರಡು ಸಂಘ ಜಗಳ ಆಡ್ತಿವೆ, ಇನ್ನೊಂದಷ್ಟು ದಿನ ಆಡ್ಲಿ,” ಎಂದರು.

ಇದಾದ ಮೇಲೆ ಸಂಘದ ಚಂದಾವನ್ನು ‘ಆಲಿಸಿ’ಗೆ ಕಟ್ಟುವುದು ಒಮ್ಮೆ ತಡವಾಯಿತು. ಕೋಕಿಲಾ ಅವರು ಮನೆಯಲ್ಲಿ ತಂಬೂರಿಯನ್ನು ಶ್ರುತಿ ಮಾಡುತ್ತಿದ್ದಾಗ ಶರಣ್ಯಳಿಂದ ಫೋನ್ ಬಂತು.

“ಮೇಡಂ, ನಿಮ್ಮ ಪ್ಲಾನ್ ಮುಗಿದಿದೆ. ರಿನ್ಯೂ ಆಗೋವರೆಗೂ ನೀವು ಸ್ಟೀರಿಯೊದಲ್ಲಿ ಇರ್ಬೇಕಾಗುತ್ತೆ. ಅಂದ್ರೆ ಎರಡು ತಂತಿ ಮಾತ್ರ ನುಡಿಸ್ಬಹುದು.”

“ನಾಲ್ಕರಲ್ಲಿ ಯಾವ ಎರಡು?”

“ಅದು ನಿಮ್ಮಿಷ್ಟ ಮೇಡಂ.”

ಆ ಶನಿವಾರ ಅವರು ಎರಡೇ ತಂತಿ ನುಡಿಸಿದರು. ಸದಸ್ಯರು ಆ ಸಂಜೆಯೇ ಚಂದಾ ಕಟ್ಟಿಸಿದರು.

ಮಾಘ ಮಾಸದ ಒಂದು ಶನಿವಾರ ಸಭಾಂಗಣ ತುಂಬಿತ್ತು. ಗಾಯಕರು ಆಲಾಪನೆ ಮಾಡಿ, ಕೀರ್ತನೆ ಎತ್ತಿಕೊಂಡು, ಅನುಪಲ್ಲವಿಯ ತುದಿಗೆ ಏರಿದ್ದರು. ಅದೇ ಹೊತ್ತಿಗೆ ಹೊರಗೆ ರಸ್ತೆ ಅಗೆಯುತ್ತಿದ್ದವರು ಇಂಟರ್ನೆಟ್ ಕೇಬಲ್ ಕತ್ತರಿಸಿದರು. ಗಾಯಕರು ನಿಂತರು. ಪಿಟೀಲು, ಮೃದಂಗ ನಿಂತವು. ಪರದೆಯ ಮೇಲೆ ಚಕ್ರವೊಂದು ತಿರುಗತೊಡಗಿತು.

ಗಾಯಕರು ನಿಲ್ಲಿಸಿದರೆ ತಂಬೂರಿ ನಿಲ್ಲಿಸುವ ಪದ್ಧತಿಯಿಲ್ಲ. ಅವರು ನೀರು ಕುಡಿಯುತ್ತಿರಬಹುದು, ಶಾಲು ಸರಿಮಾಡಿಕೊಳ್ಳುತ್ತಿರಬಹುದು. ಅವರು ಮರಳಿ ಬರುವವರೆಗೆ ಶ್ರುತಿಯನ್ನು ಹಿಡಿದಿಟ್ಟಿರುವುದೇ ತಂಬೂರಿಯವರ ಕೆಲಸ. ಕೋಕಿಲಾ ಅವರು ಹಿಡಿದಿಟ್ಟರು. ನಾನು ಮೋಡೆಮಿನ ಹತ್ತಿರ ಹೋಗಲು ಎದ್ದೆ. ವಾದಿರಾಜರು ನನ್ನ ತೋಳು ಹಿಡಿದು ಕೂರಿಸಿದರು. ಅವರ ಕಣ್ಣು ಮುಚ್ಚಿತ್ತು. ಸುತ್ತ ನೋಡಿದೆ, ಎಲ್ಲರದೂ ಮುಚ್ಚಿತ್ತು. ಹೊರಗೆ ಕತ್ತಲಾಗುತ್ತಾ ಬಂದರೂ ಯಾರೂ ಏಳಲಿಲ್ಲ. ನಾನೂ ಕಣ್ಣು ಮುಚ್ಚಿದೆ. ಕೆಮ್ಮು ಕೂಡ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಕೋಕಿಲಾ ಅವರು ಒಂದೊಂದೇ ಮೆಟ್ಟಿಲಿಳಿದು ಬಂದರು.

“ಇವತ್ತು ನಂಗೂ ಕೇಳಿಸ್ತು. ಸರಿಯಾಗೇ ಇದೆ ರೀ,” ಎಂದು ನನಗೆ ಮೆಲ್ಲಗೆ ಹೇಳಿದರು.

ಆಗ ಶ್ರೀರಾಂಪುರದಿಂದ ಬರುವ ಹೊಸ ಸದಸ್ಯೆ ಮುನಿಲಕ್ಷ್ಮಮ್ಮನವರು ಹತ್ತಿರ ಬಂದರು. ಅವರಿಗೆ ಅಟ್ಟದ ವಿಷಯ ಗೊತ್ತಿರಲಿಲ್ಲ.

“ಏನಮ್ಮಾ ಈ ಕಾಲದ ಮಿಷನ್ನು,” ಎಂದರು ಕೋಕಿಲಾ ಅವರಿಗೆ. “ಕಣ್ಣು ಮುಚ್ಕೊಂಡ್ರೆ ಹಿಂದೆ ನಿಜವಾಗ್ಲೂ ಯಾರೋ ಕೂತು ನುಡಿಸ್ದಂಗೇ ಇತ್ತು.”

“ಹೌದಮ್ಮ,” ಎಂದರು ಕೋಕಿಲಾ. “ಈಗೀಗ ಚೆನ್ನಾಗಿ ಮಾಡ್ತಾರೆ.”

ಸೇವಾ ವ್ಯತ್ಯಯದ ಬಗ್ಗೆ ಮರುದಿನ ನಾನು ದೂರು ದಾಖಲಿಸಿದೆ. ಶರಣ್ಯ ಪರಿಶೀಲಿಸಿ ಉತ್ತರಿಸಿದಳು. ಅಂದಿನ ಕಾರ್ಯಕ್ರಮ ನಡುವೆ ಯಾರೂ ಎದ್ದುಹೋಗಿಲ್ಲವಾದ್ದರಿಂದ ಸಂಸ್ಥೆಯ ಪ್ರಕಾರ ಅದು ಪೂರ್ಣವಾಗಿ ಪ್ರಸಾರವಾಗಿದೆ, ದೂರನ್ನು ಮುಕ್ತಾಯಗೊಳಿಸಲಾಗಿದೆ, ಮಲ್ಲೇಶ್ವರದ ಸಭಾಂಗಣಕ್ಕೆ ಗಾಯಕರನ್ನು ಇನ್ನು ಮುಂದೆ ಐಚ್ಛಿಕವೆಂದು ಪರಿಗಣಿಸಲಾಗುವುದು. ಸರ್ವಸದಸ್ಯರ ಸಭೆ ಇದನ್ನು ಚರ್ಚೆಯಿಲ್ಲದೆ ಅಂಗೀಕರಿಸಿತು. ಮುಂದಿನ ಶನಿವಾರಕ್ಕೆ ಬಾಗಿಲ ಬಳಿಯ ಕಪ್ಪುಹಲಗೆಯ ಮೇಲೆ ಅಧ್ಯಕ್ಷರ ಸೂಚನೆಯಂತೆ ನಾನೇ ಬರೆದೆ:

‘ತಂಬೂರಿ: ಶ್ರೀಮತಿ ಕೋಕಿಲಾ. ಗಾಯನ: ಸಾಧನ ಬೆಂಬಲಿಸಿದಲ್ಲಿ.’