ಅತ್ತಿಗೆಯ ಚೀನಾದ ನೆಂಟರು

ಭದ್ರಾವತಿಯಲ್ಲಿ ವಾಸವಾಗಿರುವ ನನ್ನ ಅತ್ತಿಗೆಗೆ ಆ ಊರಿನಲ್ಲಿರುವುದಕ್ಕಿಂತ ಹೆಚ್ಚು ನೆಂಟರು ಚೀನಾದೇಶದಲ್ಲಿದ್ದಾರೆ! ನಗಬೇಡಿ. ನಾನು ತ್ರಿಕಾಲ ಸಂಧ್ಯಾವಂದನೆ ಮಾಡುವವನು. ಅಣ್ಣನ ಹೆಂಡತಿಯ ವಿಷಯದಲ್ಲಿ ಸುಳ್ಳಾಡುವವನಲ್ಲ.

ಒಮ್ಮೆ ಅವರ ಮನೆಗೆ ಹೋದಾಗ ಕಾಫಿಯ ಲೋಟವನ್ನು ಕೈಗಿತ್ತು ನಿಟ್ಟುಸಿರಿಟ್ಟರು. "ಪಾಪ, ಆ ಅಜ್ಜಿ ಕಾಲು ನೆನಸ್ಕೊಂಡ್ರೆ ಊಟ ಸೇರಲ್ಲ. ಐದು ವರ್ಷದ ಕೂಸಿನ ಪಾದ ಮಡಚಿ ಬಿಗಿಯಾಗಿ ಬಟ್ಟೆ ಸುತ್ತಿದ್ರಂತೆ."

ನಾನು ಗಾಬರಿಯಿಂದ, "ಯಾವ ಅಜ್ಜಿ?" ಎಂದೆ.

ಒಳಗಿನಿಂದ ಅಣ್ಣ ಕೂಗಿದ: "ಚೀನಾದ್ದು ಕಣೋ! ನನ್ನ ಮಂಡಿನೋವು ಕೇಳೋರಿಲ್ಲ ಈ ಮನೇಲಿ!"

ಇದಕ್ಕೆಲ್ಲ ಕಾರಣ ಒಂದು ಕಾದಂಬರಿ. ಚೀನೀ ಮನೆತನವೊಂದರ ಅಜ್ಜಿ, ತಾಯಿ, ಮಗಳು, ಹೀಗೆ ಮೂರು ತಲೆಮಾರಿನ ಹೆಂಗಸರ ಕಥೆ; ಕನ್ನಡಕ್ಕೆ ಅನುವಾದವಾಗಿ ಬಂದದ್ದು. ಅಂಥ ಏಳೆಂಟು ಪುಸ್ತಕಗಳು ಅತ್ತಿಗೆಯ ಕಪಾಟಿನಲ್ಲಿದ್ದರೂ ಕಂಡಕಂಡವರಿಗೆ ಓದಲು ಹೇಳುವುದು ಇದೊಂದನ್ನೇ. ಆಮೇಲೆ ಕೇಳುವ ಪ್ರಶ್ನೆಯೂ ಒಂದೇ: "ಕೊನೇಲಿ ಮಗಳು, ತಾಯಿ ಇರೋವಾಗ್ಲೇ ಊರು ಮುಟ್ಟಿದ್ಲಾ?" ಕೇಳಿ, ಎದುರಿನವರ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. ಓದಿದ್ದಾರೋ ಇಲ್ಲವೋ ಎಂಬ ಪರೀಕ್ಷೆಯೆಂದೇ ಎಲ್ಲರೂ ತಿಳಿದೆವು. ಶಿವಮೊಗ್ಗದ ಬಸ್ಸಿನ ಕಂಡಕ್ಟರು ಆಧಾರ್ ಕಾರ್ಡು ಕೇಳಿದಾಗ ಕಾರ್ಡಿನೊಡನೆ ಪುಸ್ತಕವನ್ನೂ ಕೊಟ್ಟುಬಿಟ್ಟರಂತೆ! ಅಂದಿನಿಂದ ಆತ ಇವರನ್ನು ಕಂಡೊಡನೆ ಕೈಮುಗಿಯುತ್ತಾನೆ: "ಅಮ್ಮಾ, ಇನ್ನೂ ಅಜ್ಜಿ ಮದುವೇಲೇ ಇದೀನಿ. ಡ್ಯೂಟಿ ಜಾಸ್ತಿ. ಕೊನೆ ಕೇಳ್ಬೇಡಿ."

ಗೌರಿಹಬ್ಬದ ಪ್ರಸಂಗವಂತೂ ಇನ್ನೂ ಘನವಾದದ್ದು. ಐದು ಮೊರದ ಬಾಗಿನ. ಒಳಗೆ ಅರಿಶಿನ, ಕುಂಕುಮ, ಬಳೆ, ಧಾನ್ಯ, ರವಿಕೆಕಣ. ಕಣದ ಕೆಳಗೆ ಅದೇ ಚೀನೀ ಕಾದಂಬರಿಯ ಒಂದೊಂದು ಪ್ರತಿ! ಹೀಗೆ ಕೊಡುವುದಕ್ಕೆ ಶಾಸ್ತ್ರದ ಅಡ್ಡಿಯುಂಟೇ ಎಂದು ನನ್ನನ್ನು ಮೊದಲೇ ಕೇಳಿದ್ದರು. ಶ್ರದ್ಧೆಯಿಂದ ಹುಡುಕಿದೆ. ಚೀನೀ ಕಾದಂಬರಿಯ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರು ಮೌನ ವಹಿಸಿದ್ದಾರೆ.

ಆದರೆ ಅತ್ತಿಗೆ ಒಂದನ್ನು ಮರೆತರು. ಬಾಗಿನದಲ್ಲಿ ಬಂದ ಕಣವನ್ನು ಯಾರಾದರೂ ಹೊಲಿಸುತ್ತಾರೆಯೇ? ಅದು ಮುಂದಿನ ಮನೆಗೆ ಹೋಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಪುಸ್ತಕವೂ ಹಾಗೆಯೇ ಮನೆಯಿಂದ ಮನೆಗೆ ಸಂಚರಿಸಿ, ಮರುವರ್ಷ ಶಿವಮೊಗ್ಗದ ರವೀಂದ್ರನಗರದ ನನ್ನ ಮನೆಯಾಕೆಯ ಬಾಗಿನದೊಳಗೆ ಕುಳಿತು ಅತ್ತಿಗೆಯ ಕೈಗೇ ಮರಳಿತು! ಒಂದು ಪುಟದ ಮೂಲೆಯೂ ಮಡಚಿರಲಿಲ್ಲ.

"ಒಬ್ರಾದ್ರೂ ಓದಿ ಹೇಳ್ತಾರೆ ಅಂದ್ಕೊಂಡಿದ್ದೆ" ಎಂದರು ಅತ್ತಿಗೆ. ಅಷ್ಟೇ. ಇದಕ್ಕಿಂತ ಬೈದಿದ್ದರೇ ವಾಸಿಯಿತ್ತು ಎಂದು ನನ್ನಾಕೆ ಬಸ್ಸಿನ ದಾರಿಯುದ್ದಕ್ಕೂ ಪರಿತಪಿಸಿದಳು.

ಈ ವರ್ಷ ಅತ್ತಿಗೆಗೆ ಕಣ್ಣಿನ ಪೊರೆ ತೆಗೆದರು. ಕೆಲವು ದಿನ ಓದುವಂತಿಲ್ಲ. ಅಣ್ಣನಿಗೆ ಓದಲು ಕೊಟ್ಟರೆ ಎರಡನೆಯ ಸಾಲಿಗೆ ಗೊರಕೆ. "ನೀವೇ ಓದಿ ಹೇಳಿ ಮಾರಾಯ್ರೇ" ಎಂದು ನನಗೆ ಫೋನು ಬಂತು.

ನನಗೆ ತಿಳಿದಿರುವ ಓದು ಒಂದೇ, ಪಾರಾಯಣ. ಕೈಕಾಲು ತೊಳೆದು, ಆಚಮನ ಮಾಡಿ, ವ್ಯಾಸಪೀಠದ ಮೇಲೆ ಕಾದಂಬರಿಯನ್ನಿಟ್ಟು ಆರಂಭಿಸಿದೆ. ಪಾರಾಯಣಕ್ಕೆ ನಿಯಮವೊಂದುಂಟು: ಶೋಕದ ಸ್ಥಳದಲ್ಲಿ ನಿಲ್ಲಿಸಬಾರದು, ಮಂಗಳದ ಮಾತು ಬಂದ ಮೇಲೆಯೇ ಪುಸ್ತಕ ಮುಚ್ಚಬೇಕು. ಮಗುವಿನ ಪಾದ ಕಟ್ಟಿದರು, ನಿಲ್ಲಿಸುವಂತಿಲ್ಲ. ಕ್ಷಾಮ ಬಂತು, ನಿಲ್ಲಿಸುವಂತಿಲ್ಲ. ಮದುವೆಯಾಯಿತು; ಸದ್ಯ, ಬದುಕಿದೆ ಎಂದು ಪುಟ ತಿರುವಿದರೆ ಅತ್ತೆ ಬಂದಳು!

"ಊಟಕ್ಕೆ ಏಳ್ತೀಯೋ, ಚೀನಾದಲ್ಲೇ ಇರ್ತೀಯೋ?" ಎಂದ ಅಣ್ಣ.

ಮೂರನೆಯ ದಿನ ಮಧ್ಯಾಹ್ನ ಕೊನೆಯ ಅಧ್ಯಾಯ ಬಂತು. ಅತ್ತಿಗೆ ಸೆರಗು ಹೊದ್ದು ನೆಟ್ಟಗೆ ಕುಳಿತರು.

"ಇಲ್ಲಿಂದ ಮುಂದೆ ನಾನೂ ಓದಿಲ್ಲ."

ನಾನು ಬೆರಗಾದೆ. ಊರಿಗೆಲ್ಲ ಹಂಚಿದವರು!

"ನಮ್ಮಮ್ಮ ಹೋದಾಗ ನಾನು ತವರಿಗೆ ಹೊರಟು ತೀರ್ಥಹಳ್ಳಿ ಬಸ್ಸಲ್ಲಿ ಗಾಜನೂರು ದಾಟಿದ್ದೆ ಅಷ್ಟೆ, ಅರ್ಧ ದಾರೀನೂ ಆಗಿರ್ಲಿಲ್ಲ. ಅದಕ್ಕೇ ಓದೋ ಧೈರ್ಯ ಬರ್ಲಿಲ್ಲ. ಯಾರಾದ್ರೂ ಓದಿ, ಈ ಹುಡುಗಿಯಾದ್ರೂ ಮುಟ್ಟಿದ್ಲು ಅಂತ ಹೇಳಿದ್ರೆ ಆಮೇಲೆ ನೋಡೋಣ ಅಂತಿದ್ದೆ."

ಓದಿದೆ. ಮಗಳು ರೈಲಿನಿಂದಿಳಿದಳು, ನಡೆದಳು, ಓಣಿಯ ತಿರುವಿಗೆ ಬಂದಳು. ಮುಂದಿನ ಸಾಲನ್ನು ಕಣ್ಣು ಮೊದಲೇ ಕಂಡಿತು; ನಿಯಮ ಮರೆತು ಅಲ್ಲೇ ನಿಲ್ಲಿಸಿದೆ. ಜೀವಮಾನದಲ್ಲಿ ಒಂದಕ್ಷರವನ್ನೂ ಬದಲಿಸದೆ ಓದಿದವನಿಗೆ ಅಂದು ಒಂದೇ ಒಂದು ಸಾಲನ್ನು ಬದಲಿಸುವ ಆಸೆಯಾಯಿತು.

"ಮುಟ್ಲಿಲ್ಲ, ಅಲ್ವಾ?"

"ಇಲ್ಲ ಅತ್ತಿಗೆ."

"ಓದಿ. ಇದ್ದಂಗೇ ಓದಿ."

ತಾಯಿ ಬೆಳಿಗ್ಗೆಯೇ ಕಣ್ಮುಚ್ಚಿದ್ದಳು. ಮಗಳು ದಾರಿಯಲ್ಲಿದ್ದಾಳೆಂಬುದು ಅವಳಿಗೆ ತಿಳಿದಿತ್ತು. ಬಂದವಳಿಗೆ ಹಸಿವಾಗಿರುತ್ತದೆ, ಅನ್ನ ಮುಚ್ಚಿಡಿ ಎಂದು ನೆರೆಯವಳಿಗೆ ಹೇಳಿ ಹೋಗಿದ್ದಳು.

ಅತ್ತಿಗೆಯ ಕಪ್ಪು ಕನ್ನಡಕದ ಕೆಳಗಿನಿಂದ ನೀರಿಳಿಯಿತು. "ಕಣ್ಣು ಒದ್ದೆ ಮಾಡ್ಬಾರ್ದು ಅಂದಿದಾರೆ ಡಾಕ್ಟ್ರು" ಎಂದು ಅಣ್ಣ ಮೆಲ್ಲಗೆ ಹೇಳಿ, ಪಂಚೆಯ ತುದಿಯಿಂದ ತನ್ನ ಕಣ್ಣೊರೆಸಿಕೊಂಡ.

ಅತ್ತಿಗೆ ನಮ್ಮ ಮನೆ ತುಂಬಿ ಐವತ್ತು ವರ್ಷಗಳಾದವು. ಆ ಚೀನೀ ಮನೆತನದ ತಾಯಂದಿರನ್ನೆಲ್ಲ ನಾನು ಮೂರು ದಿನಗಳಲ್ಲಿ ಅರಿತಿದ್ದೆ. ಅತ್ತಿಗೆಯ ತಾಯಿಯ ಬಗ್ಗೆ ಐವತ್ತು ವರ್ಷಗಳಲ್ಲಿ ಒಂದು ಮಾತನ್ನೂ ಕೇಳಿರಲಿಲ್ಲ. ಪುಸ್ತಕ ಮುಚ್ಚಿದೆ.

"ಅತ್ತಿಗೆ, ನಿಮ್ಮಮ್ಮ ಹೇಗಿದ್ರು?"

ಅವರು ನನ್ನತ್ತ ತಿರುಗಿದರು. "ಗಿಡ್ಡಕ್ಕಿದ್ರು" ಎಂದರು. "ಬಾವಿ ಹಗ್ಗ ಹಿಡಿಯೋಕೆ ಕಲ್ಲು ಹತ್ತಿ ನಿಲ್ತಿದ್ರು... ಕೂತ್ಕೊಳ್ಳಿ, ಹೇಳ್ತೀನಿ."